ಮುಂಬಯಿ ಲೋಕಲ್ ರೈಲಿನ ಭಜನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಗೆ ಹೊಸದಾಗಿ ಕೆಲಸಕ್ಕೆ ಬಂದ ಕನ್ನಡಿಗರು ಲೋಕಲ್ ರೈಲಿನ ಬಗ್ಗೆ ಮೊದಲು ಕೇಳುವುದು ಫಾಸ್ಟ್ ಗಾಡಿ ಯಾವುದು, ಸ್ಲೋ ಯಾವುದು, ಪಾಸು ಎಲ್ಲಿ ಮಾಡಿಸಬೇಕು ಎಂಬುದನ್ನು. ಎರಡನೆಯ ವಾರದ ಹೊತ್ತಿಗೆ ಬೇರೆ ಪ್ರಶ್ನೆಗಳು ಶುರುವಾಗುತ್ತವೆ: ಕಾಲೂರಲು ಜಾಗವಿಲ್ಲದ ಡಬ್ಬಿಯಲ್ಲಿ ತಾಳ ಹಾಕಿಕೊಂಡು ಹಾಡುವ ಆ ಜನ ಯಾರು, ಯಾಕೆ ಹಾಡುತ್ತಾರೆ, ಅವರನ್ನು ಯಾರೂ ಕೇಳುವುದಿಲ್ಲವೇ? ಡೊಂಬಿವಲಿಯಿಂದ ದಕ್ಷಿಣ ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶಕ್ಕೆ ಹಲವು ವರ್ಷ ಓಡಾಡಿದವನಾಗಿ, ಅವರ ಭಜನಾ ಮಂಡಳಿಯ ಸದಸ್ಯನಾಗದೆಯೂ ದಿನವೂ ಅದರ ಪಕ್ಕದಲ್ಲೇ ನಿಂತವನಾಗಿ, ನನಗೆ ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಇವರು ಹಣಕ್ಕಾಗಿ ಹಾಡುವವರೇ?

ಅಲ್ಲ. ಡಬ್ಬಿಯಿಂದ ಡಬ್ಬಿಗೆ ಹಾಡುತ್ತ ಹೋಗಿ ಕೈ ಚಾಚುವ ಗಾಯಕರು ಬೇರೆ, ಭಜನಾ ಮಂಡಳಿಯವರು ಬೇರೆ. ಮಂಡಳಿಯವರೆಲ್ಲ ತಿಂಗಳ ಅಥವಾ ಮೂರು ತಿಂಗಳ ಪಾಸು ಇರುವ ಪ್ರಯಾಣಿಕರು. ಬ್ಯಾಂಕಿನ ಗುಮಾಸ್ತರು, ಸರಕಾರಿ ಕಚೇರಿಯ ನೌಕರರು, ಪಾಲಿಕೆಯ ಕೆಲಸಗಾರರು, ಅಂಗಡಿಗಳಲ್ಲಿ ಲೆಕ್ಕ ಬರೆಯುವವರು. ದಿನವೂ ಅದೇ ಹೊತ್ತಿನ ಗಾಡಿ, ಅದೇ ಡಬ್ಬಿ, ಅದೇ ಬಾಗಿಲು ಹಿಡಿಯುವುದರಿಂದ ಪರಿಚಯವಾಗಿ, ಪರಿಚಯ ಹಾಡಾಗಿ, ಹಾಡು ಮಂಡಳಿಯಾದದ್ದು. ಹೊರಗಿನವರಿಂದ ಅವರು ದುಡ್ಡು ಎತ್ತುವುದಿಲ್ಲ. ತಾಳ, ಡೋಲಕ್, ಪ್ರಸಾದದ ಖರ್ಚಿಗೆ ತಮ್ಮೊಳಗೇ ವರ್ಗಣಿ ಹಾಕಿಕೊಳ್ಳುತ್ತಾರೆ.

ಯಾವ ಮಾರ್ಗಗಳಲ್ಲಿ, ಯಾವ ಹೊತ್ತಿನಲ್ಲಿ ಭಜನೆ ಕೇಳಸಿಗುತ್ತದೆ?

ದೂರದಿಂದ ಬರುವ ಗಾಡಿಗಳಲ್ಲಿ. ಮಧ್ಯ ರೈಲ್ವೆಯಲ್ಲಿ ಕಸಾರಾ, ಕರ್ಜತ್, ಕಲ್ಯಾಣ್ ಕಡೆಯಿಂದ ಸಿಎಸ್‌ಎಂಟಿಗೆ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್, ಹಿಂದಿನ ವಿಕ್ಟೋರಿಯಾ ಟರ್ಮಿನಸ್) ಹೋಗುವ ಗಾಡಿಗಳು, ಪಶ್ಚಿಮ ರೈಲ್ವೆಯಲ್ಲಿ ವಿರಾರ್‌ನಿಂದ ಚರ್ಚ್‌ಗೇಟ್‌ಗೆ ಹೋಗುವ ಗಾಡಿಗಳು, ಹಾರ್ಬರ್ ಮಾರ್ಗದಲ್ಲಿ ಪನ್ವೇಲ್ ಗಾಡಿಗಳು ಇದಕ್ಕೆ ತಕ್ಕವು. ವಿರಾರ್‌ನಿಂದ ಚರ್ಚ್‌ಗೇಟ್ ಸುಮಾರು 60 ಕಿಲೋಮೀಟರ್, ಕಲ್ಯಾಣದಿಂದ ಸಿಎಸ್‌ಎಂಟಿ ಸುಮಾರು 54. ಫಾಸ್ಟ್ ಗಾಡಿಯಲ್ಲಿ ಒಂದು ಗಂಟೆಗೂ ಮೀರಿದ ಪ್ರಯಾಣ. ನಾಮಸ್ಮರಣೆಯಿಂದ ಆರತಿಯವರೆಗೆ ಒಂದು ಸುತ್ತು ಮುಗಿಯಲು ಅಷ್ಟು ಹೊತ್ತಾದರೂ ಬೇಕು. ಅಂಧೇರಿಯಲ್ಲಿ ಹತ್ತಿ ದಾದರಿನಲ್ಲಿ ಇಳಿಯುವವರ ನಡುವೆ ಮಂಡಳಿ ಹುಟ್ಟುವುದು ಕಷ್ಟ. ಬೆಳಗಿನ ಗಾಡಿಯಲ್ಲಿ ಹಾಡುವವರೇ ಹೆಚ್ಚು. ಸಂಜೆ ಬೇರೆ ಬೇರೆ ಹೊತ್ತಿಗೆ ಕಚೇರಿ ಬಿಡುವುದರಿಂದ ಗುಂಪು ಚದುರಿರುತ್ತದೆ.

ಅಷ್ಟು ನೂಕುನುಗ್ಗಲಿನಲ್ಲಿ ಹಾಡುವುದಾದರೂ ಹೇಗೆ?

ಕೊರೊನಾಕ್ಕೆ ಮುಂಚೆ ಮುಂಬಯಿಯ ಉಪನಗರ ರೈಲಿನಲ್ಲಿ ದಿನಕ್ಕೆ ಸುಮಾರು 75 ಲಕ್ಷ ಜನ ಓಡಾಡುತ್ತಿದ್ದರು. ಬೆಳಗಿನ ಗರ್ದಿಯಲ್ಲಿ ಒಂದು ಚದರ ಮೀಟರ್ ನೆಲದ ಮೇಲೆ 14ರಿಂದ 16 ಮಂದಿ ನಿಂತಿರುತ್ತಾರೆ ಎಂಬುದು ರೈಲ್ವೆಯದೇ ಲೆಕ್ಕ. ಅಂಥಲ್ಲಿ ಕೈಯನ್ನು ಒಮ್ಮೆ ಮೇಲೆತ್ತಿದರೆ ಇಳಿಸಲು ಜಾಗ ಸಿಗದು. ಆದರೆ ಮಂಡಳಿ ಬಾಗಿಲ ಬಳಿ ಹಾಡುವುದಿಲ್ಲ. ಎದುರುಬದುರು ಬೆಂಚುಗಳ ನಡುವಿನ ಓಣಿಯಲ್ಲಿ ಹಾಡುತ್ತದೆ. ಮೂವರ ಬೆಂಚಿನಲ್ಲಿ ನಾಲ್ಕನೆಯವರೊಬ್ಬರು ಅರ್ಧ ಕೂತಿರುತ್ತಾರೆ, ಇದಕ್ಕೆ ಇಲ್ಲಿ ‘ಫೋರ್ಥ್ ಸೀಟ್’ ಎಂದೇ ಹೆಸರು. ಹೀಗೆ ಎದುರುಬದುರು ಎಂಟು ಜನ, ಅವರ ಮೊಣಕಾಲುಗಳ ನಡುವೆ ನಿಂತ ಮತ್ತೆ ನಾಲ್ಕೈದು ಜನ, ಇಷ್ಟೇ ಮಂಡಳಿಯ ಸಭಾಂಗಣ.

ಗಾಡಿ ಕಲ್ಯಾಣ ಬಿಡುವ ತನಕ ಯಾರೂ ಬಾಯಿ ತೆರೆಯುವುದಿಲ್ಲ. ಚೀಲಗಳು ಮೇಲಿನ ತಂತಿಯ ಅಟ್ಟಣಿಗೆ ಏರುತ್ತವೆ, ಚಪ್ಪಲಿ ಬೆಂಚಿನ ಅಡಿಗೆ ಸರಿಯುತ್ತದೆ. ಒಬ್ಬರು ಊಟದ ಡಬ್ಬಿಯ ಚೀಲದಿಂದ ಹಳೆಯ ಕರವಸ್ತ್ರದ ಗಂಟು ತೆಗೆದು ಬಿಚ್ಚಿದರೆ ಅದರೊಳಗೆ ದಾರದಿಂದ ಪೋಣಿಸಿದ ಹಿತ್ತಾಳೆಯ ತಾಳದ ಜೋಡಿ ಇರುತ್ತದೆ. ಚೀಲದಲ್ಲಿ ಸದ್ದಾಗದಿರಲೆಂದು ಕಟ್ಟಿದ ಗಂಟು ಅದು. ಪ್ಲಾಸ್ಟಿಕ್ ಹೊದಿಕೆ ಹಾಕಿದ, ಅಂಚುಗಳು ಕಪ್ಪಗಾದ ಕೈಬರಹದ ವಹಿಯೊಂದು ಕೈಯಿಂದ ಕೈಗೆ ಸಾಗುತ್ತದೆ, ಆದರೆ ಅದನ್ನು ನೋಡಿ ಹಾಡುವವರು ಕಡಿಮೆ. ಮುಂದಾಳು ಗಾಯಕರನ್ನು ‘ಬುವಾ’ ಎಂದು ಕರೆಯುತ್ತಾರೆ. ಬುವಾ ಒಂದು ಸಾಲು ಹೇಳುತ್ತಾರೆ, ಉಳಿದವರು ಅದನ್ನೇ ಎತ್ತಿಕೊಳ್ಳುತ್ತಾರೆ. ಠಾಣೆಯಲ್ಲಿ ಜನ ನುಗ್ಗಿದಾಗ ಅರ್ಧ ನಿಮಿಷ ಹಾಡು ತಗ್ಗುತ್ತದೆ, ಯಾರೋ ಯಾರದೋ ಕಾಲು ತುಳಿಯುತ್ತಾರೆ, ತಾಳ ಮಾತ್ರ ನಿಲ್ಲುವುದಿಲ್ಲ.

ಠಾಣೆಗೆ ಮುಂಚೆ ಬರುವ ಪಾರ್ಸಿಕ್ ಸುರಂಗ 1916ರಲ್ಲಿ ತೆರೆದದ್ದು, ಸುಮಾರು 1.3 ಕಿಲೋಮೀಟರ್ ಉದ್ದ. ಹಲವು ದಶಕಗಳ ಕಾಲ ಫಾಸ್ಟ್ ಗಾಡಿಗಳು ಅದರೊಳಗಿಂದಲೇ ಓಡಿದವು. ಕತ್ತಲಾದೊಡನೆ ಗೋಡೆಗಳು ಹಾಡನ್ನು ಹಿಂದಿರುಗಿಸುತ್ತಿದ್ದವು. ಹನ್ನೆರಡು ಜನರ ಕೊರಳು ನೂರು ಜನರದ್ದಾದಂತೆ ಕೇಳುತ್ತಿತ್ತು. ಆ ಒಂದೆರಡು ನಿಮಿಷಕ್ಕಾಗಿ ಎತ್ತರದ ಸ್ವರದ ಸಾಲನ್ನು ಉಳಿಸಿಕೊಳ್ಳುತ್ತಿದ್ದ ಬುವಾ ಒಬ್ಬರನ್ನು ನಾನು ಬಲ್ಲೆ.

ಯಾವ ಹಾಡುಗಳನ್ನು ಹಾಡುತ್ತಾರೆ?

ಮುಖ್ಯವಾಗಿ ಪಂಢರಪುರದ ವಿಠ್ಠಲನ ಭಕ್ತರಾದ ವಾರಕರಿ ಸಂತರ ಅಭಂಗಗಳು, ಅಂದರೆ ಮರಾಠಿ ಭಕ್ತಿಪದಗಳು: ಜ್ಞಾನೇಶ್ವರ, ನಾಮದೇವ, ಏಕನಾಥ, ತುಕಾರಾಮ, ಜನಾಬಾಯಿ, ಚೋಖಾಮೇಳ. ‘ಜಯ ಜಯ ರಾಮಕೃಷ್ಣ ಹರಿ’ ಎಂಬ ನಾಮದಿಂದ ಆರಂಭ, ನಂತರ ವಿಠ್ಠಲನ ರೂಪವನ್ನು ವರ್ಣಿಸುವ ಅಭಂಗ, ಆಮೇಲೆ ಅವರವರ ಇಷ್ಟದ್ದು, ನಡುವೆ ಗೋಪಿಯರ ಮಾತಿನ ಗೌಳಣ, ಕೊನೆಗೆ ಆರತಿ. ವಾರಕ್ಕೆ ತಕ್ಕ ದೇವರೂ ಉಂಟು: ಮಂಗಳವಾರ ಗಣಪತಿ, ಗುರುವಾರ ದತ್ತ ಅಥವಾ ಸಾಯಿಬಾಬಾ, ಶನಿವಾರ ಮಾರುತಿ. ಪಶ್ಚಿಮ ಮಾರ್ಗದಲ್ಲಿ ಗುಜರಾತಿ ಮತ್ತು ಹಿಂದಿ ಭಜನೆಗಳೂ ಕಿವಿಗೆ ಬೀಳುತ್ತವೆ.

ಅಭಂಗವೇ ಏಕೆ ರೈಲಿಗೆ ಒಗ್ಗಿತು ಎಂಬುದಕ್ಕೆ ಅದರ ಕಟ್ಟಿನಲ್ಲೇ ಉತ್ತರವಿದೆ. ದೊಡ್ಡ ಅಭಂಗದ ಒಂದು ಪದ್ಯದಲ್ಲಿ ನಾಲ್ಕು ತುಂಡುಗಳು. ಮೊದಲ ಮೂರರಲ್ಲಿ ಆರಾರು ಅಕ್ಷರ, ಕೊನೆಯದರಲ್ಲಿ ನಾಲ್ಕು. ಗುರು ಲಘುಗಳ ಗೊಡವೆಯಿಲ್ಲ, ಅಕ್ಷರಗಳ ಎಣಿಕೆ ಅಷ್ಟೇ. ಒಂದು ಉಸಿರಿಗೆ ಒಂದು ತುಂಡು ಸುಲಭವಾಗಿ ಹಿಡಿಯುತ್ತದೆ. ಎದೆ ಪೂರ್ತಿ ಹಿಗ್ಗಲು ಜಾಗವಿಲ್ಲದ ಕಡೆ ಇದು ಸಣ್ಣ ಅನುಕೂಲವಲ್ಲ. ಎಂಟು ಮಾತ್ರೆಯ ಭಜನಿ ಠೇಕಾ (ಭಜನೆಯ ತಾಳದ ನಡೆ) ಗಾಲಿಗಳ ಲಯದ ಮೇಲೆ ತಾನಾಗಿ ಕೂಡುತ್ತದೆ. ರಾಗದ ಕಲಿಕೆ ಇಲ್ಲದವರೂ ಎರಡನೆಯ ಸಲಕ್ಕೆ ಸೇರಿಕೊಳ್ಳಬಲ್ಲರು.

ವಾದ್ಯಗಳನ್ನು ಎಲ್ಲಿಡುತ್ತಾರೆ?

ತಾಳ ಚೀಲದಲ್ಲಿ, ಸಣ್ಣ ಡೋಲಕ್ ತೊಡೆಯ ಮೇಲೆ. ಮನೆಯ ಅಥವಾ ಗುಡಿಯ ಭಜನೆಯಲ್ಲಿ ಕಾಣುವ ಪಖವಾಜು, ಹಾರ್ಮೋನಿಯಂ ಗರ್ದಿಯ ಗಾಡಿಗೆ ಒಗ್ಗುವುದಿಲ್ಲ. ಡೋಲಕ್ ತಂದಿರದ ದಿನ ಡಬ್ಬಿಯ ತಗಡಿನ ಗೋಡೆಯೇ ಡೋಲಕ್.

ಇದು ಮುಂಬಯಿಯಲ್ಲೇ ಏಕೆ ಬೆಳೆಯಿತು?

ಬೋರಿಬಂದರಿನಿಂದ ಠಾಣೆಗೆ 34 ಕಿಲೋಮೀಟರ್ ದೂರದ ಮೊದಲ ಪ್ರಯಾಣಿಕರ ಗಾಡಿ ಓಡಿದ್ದು 1853ರ ಏಪ್ರಿಲ್ 16ರಂದು. ವಿದ್ಯುತ್ ಗಾಡಿ ಬಂದದ್ದು 1925ರ ಫೆಬ್ರುವರಿ 3ರಂದು, ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ. ಆದರೆ ರೈಲು ಬಂದ ಮಾತ್ರಕ್ಕೆ ಭಜನೆ ಬರಲಿಲ್ಲ. ಭಜನೆ ಬಂದದ್ದು ಕೊಂಕಣ ಮತ್ತು ಘಟ್ಟದ ಮೇಲಿನ ಊರುಗಳಿಂದ, ಗಿರಣಿ ಕಾರ್ಮಿಕರ ಜತೆಯಲ್ಲಿ. ಪರಳ, ಲಾಲ್‌ಬಾಗ್ ಕಡೆಯ ಚಾಳುಗಳಲ್ಲಿ (ಸಾಲು ಕೋಣೆಗಳ ವಠಾರಗಳಲ್ಲಿ) ಊರಿನ ಹೆಸರಿನ ಮಂಡಳಿ ಕಟ್ಟಿಕೊಂಡು ರಾತ್ರಿ ಹಾಡುತ್ತಿದ್ದ ಜನ ಅವರು. ಆಗ ಗಿರಣಿಗೆ ಮನೆಯಿಂದ ನಡೆದೇ ಹೋಗಬಹುದಿತ್ತು. 1982ರ ಜನವರಿಯಲ್ಲಿ ಆರಂಭವಾದ ಗಿರಣಿ ಮುಷ್ಕರದ ನಂತರ ಆ ಬದುಕು ಮುರಿಯಿತು. ಮನೆಯ ಬೆಲೆ ಏರಿದಂತೆಲ್ಲ ಸಂಸಾರಗಳು ಡೊಂಬಿವಲಿ, ಕಲ್ಯಾಣ್, ನಾಲಾಸೋಪಾರಾ, ವಿರಾರ್ ಎಂದು ದೂರ ಸರಿದವು. ಕೆಲಸ ಮಾತ್ರ ದಕ್ಷಿಣ ತುದಿಯಲ್ಲೇ ಉಳಿಯಿತು. ದಿನಕ್ಕೆ ಮೂರು ಗಂಟೆ ರೈಲಿನಲ್ಲೇ ಕಳೆಯುವವರಿಗೆ ರಾತ್ರಿ ಚಾಳಿನ ಜಗಲಿಯಲ್ಲಿ ಕೂತು ಹಾಡುವ ಹೊತ್ತೆಲ್ಲಿ? ರೈಲಿನ ಭಜನೆ ಎಂದರೆ ಜಾಗ ಕಳೆದುಕೊಂಡ ಜಗಲಿ ಎಂದೇ ನನ್ನ ತಿಳಿವಳಿಕೆ.

ಕನ್ನಡದ ಹಾಡುಗಳಿಗೆ ಅಲ್ಲಿ ಎಡೆಯಿದೆಯೇ?

ಇದೆ, ಕೇಳಿದರೆ. ಪಂಢರಪುರದ ವಿಠ್ಠಲನನ್ನು ಜ್ಞಾನೇಶ್ವರರೇ ತಮ್ಮ ಒಂದು ಅಭಂಗದಲ್ಲಿ ‘ಕಾನಡಾ’ ಎಂದೂ ‘ಕರ್ನಾಟಕು’ ಎಂದೂ ಕರೆದಿದ್ದಾರೆ. ಆ ಮಾತಿಗೆ ಕನ್ನಡದವನು ಎಂಬ ಅರ್ಥದ ಜತೆ ತಿಳಿಯಲಾಗದವನು ಎಂಬ ಅರ್ಥವನ್ನೂ ಹೇಳುವವರಿದ್ದಾರೆ. ನಮ್ಮ ಕಡೆ ಪುರಂದರ ವಿಠಲ, ವಿಜಯ ವಿಠಲ, ಗೋಪಾಲ ವಿಠಲ, ಜಗನ್ನಾಥ ವಿಠಲ ಎಂದು ದಾಸರ ಅಂಕಿತಗಳೇ ಆ ದೇವರ ಹೆಸರಿನಲ್ಲಿವೆ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯಿಂದ ಆಷಾಢ ಏಕಾದಶಿಗೆ ಪಂಢರಪುರಕ್ಕೆ ನಡೆದುಹೋಗುವವರು ಇಂದಿಗೂ ಇದ್ದಾರೆ. ಹೀಗಾಗಿ ಆದಿತಾಳದ ಒಂದು ದಾಸರ ಪದವನ್ನು ಎತ್ತಿಕೊಂಡರೆ ಎಂಟರ ಎಣಿಕೆಯಲ್ಲಿ ಡೋಲಕ್ ಹಿಡಿದವರಿಗೆ ತೊಂದರೆಯಾಗದು, ಕೊನೆಯಲ್ಲಿ ‘ವಿಠಲ’ ಎಂಬ ಶಬ್ದ ಬಂದೊಡನೆ ಮಿಕ್ಕವರ ಮುಖ ಅರಳುವುದನ್ನೂ ನೋಡಬಹುದು. ಕರಾವಳಿಯ ಭಜನಾ ಮಂದಿರಗಳಲ್ಲಿ ತಾಳ ಹಿಡಿದು ಬೆಳೆದವರಿಗಂತೂ ಇದು ಹೊಸದಲ್ಲ. ಪಲ್ಲವಿ ಚಿಕ್ಕದಿರುವ ಪದ ಆರಿಸಿಕೊಳ್ಳಬೇಕು. ತಾಳವಿಲ್ಲದ ಉಗಾಭೋಗ ಅಲ್ಲಿ ಯಾರಿಗೂ ಹಿಡಿಸದು.

ಮಹಿಳೆಯರ ಡಬ್ಬಿಯಲ್ಲಿಯೂ ಭಜನೆ ನಡೆಯುತ್ತದೆಯೇ?

ನಡೆಯುತ್ತದೆ. ಪಶ್ಚಿಮ ರೈಲ್ವೆ 1992ರ ಮೇ 5ರಂದು ಚರ್ಚ್‌ಗೇಟ್ ಮತ್ತು ಬೋರಿವಲಿ ನಡುವೆ ಇಡೀ ಗಾಡಿಯನ್ನೇ ಮಹಿಳೆಯರಿಗೆ ಮೀಸಲಿಟ್ಟು ‘ಲೇಡೀಸ್ ಸ್ಪೆಷಲ್’ ಓಡಿಸಿತು. ಮಹಿಳೆಯರ ಡಬ್ಬಿಗಳಲ್ಲಿ ತಾಳಕ್ಕಿಂತ ಕೈಚಪ್ಪಾಳೆ ಹೆಚ್ಚು. ಸಂಕ್ರಾಂತಿಯ ಸಮಯದಲ್ಲಿ ಅರಿಸಿನ ಕುಂಕುಮ, ನವರಾತ್ರಿಯಲ್ಲಿ ಗರಬಾ ಕೂಡ ಉಂಟು. ಹಾಡುತ್ತಲೇ ಸೊಪ್ಪು ಬಿಡಿಸಿ, ಬಟಾಣಿ ಸುಲಿದು ರಾತ್ರಿಯ ಅಡುಗೆಗೆ ಅಣಿಮಾಡಿಕೊಳ್ಳುವವರೂ ಇದ್ದಾರೆ.

ಹಬ್ಬದ ದಿನಗಳಲ್ಲಿ ಏನು ವಿಶೇಷ?

ದಸರೆಯದು. ದಸರೆಗೆ ರಜೆ ಇರುವುದರಿಂದ ಅದರ ಹಿಂದಿನ ಕೆಲಸದ ದಿನವೇ ಪೂಜೆ. ನಮ್ಮಲ್ಲಿ ಆಯುಧಪೂಜೆಗೆ ಲಾರಿ, ಬಸ್ಸು ಸಿಂಗರಿಸಿದಂತೆ. ಡಬ್ಬಿಗೆ ಚೆಂಡುಹೂವಿನ ತೋರಣ ಕಟ್ಟುತ್ತಾರೆ, ಎಂಜಿನ್ ಮುಂಭಾಗಕ್ಕೆ ಹಾರ ಹಾಕುತ್ತಾರೆ, ಮೋಟರ್‌ಮನ್‌ಗೆ ಪೇಡೆ ಕೊಡುತ್ತಾರೆ. ಪಶ್ಚಿಮ ಮಾರ್ಗದಲ್ಲಿ ಭಾಯಂದರ್ ಖಾಡಿಯ (ಕಡಲ ಹಿನ್ನೀರಿನ) ಸೇತುವೆ ಬಂದಾಗ ಪೂಜೆಯ ಹೂವು, ತೆಂಗಿನಕಾಯಿಗಳನ್ನು ಬಾಗಿಲಿನಿಂದ ನೀರಿಗೆ ಎಸೆಯುವ ರೂಢಿಯೊಂದಿದೆ. ಇದನ್ನು ನೀವು ಮಾಡಬೇಡಿ, ಮಾಡುವವರನ್ನೂ ತಡೆಯಿರಿ. ಓಡುವ ಗಾಡಿಯಿಂದ ಹಾರಿದ ತೆಂಗಿನಕಾಯಿ ಸೇತುವೆಯ ಬದಿಯಲ್ಲಿ ನಡೆಯುವವರ ತಲೆಗೆ ಬಿದ್ದರೆ ಪ್ರಾಣವೇ ಹೋದೀತು.

ಮಂಡಳಿಯವರು ಸೀಟು ಹಿಡಿದಿಡುವುದು ಸರಿಯೇ?

ಸರಿಯಲ್ಲ. ಭಜನೆಯ ಮೇಲಿನ ದೂರುಗಳಲ್ಲಿ ಬಹುಪಾಲು ಹಾಡಿನದ್ದಲ್ಲ, ಸೀಟಿನದ್ದು. ಮೊದಲ ನಿಲ್ದಾಣದಲ್ಲಿ ಹತ್ತಿದ ಇಬ್ಬರು ಕರವಸ್ತ್ರ, ಚೀಲ, ತಾಳದ ಗಂಟು ಇಟ್ಟು ಎಂಟು ಸೀಟು ಕಾಯುವುದು, ಹೊಸಬರು ಕೂತರೆ ‘ಇದು ಮಂಡಳಿಯ ಜಾಗ’ ಎನ್ನುವುದು ಎಲ್ಲರೂ ಕಂಡದ್ದೇ. ಎರಡನೆಯ ದರ್ಜೆಯ ಡಬ್ಬಿಯಲ್ಲಿ ಯಾವ ಮಂಡಳಿಗೂ ಮೀಸಲು ಸೀಟಿಲ್ಲ. ತನಗಾಗಿ ಮೀಸಲಾಗಿರದ ಡಬ್ಬಿಗೆ ಇನ್ನೊಬ್ಬ ಪ್ರಯಾಣಿಕ ಹತ್ತುವುದನ್ನು ತಡೆದರೆ ಅದು 1989ರ ರೈಲ್ವೆ ಕಾಯ್ದೆಯ 155ನೇ ಕಲಮಿನ ಪ್ರಕಾರ ಅಪರಾಧ. ತಡೆದವರಿಗೆ ದಂಡ ಹಾಕಬಹುದು.

ನನ್ನ ಮೊದಲ ತಿಂಗಳಲ್ಲಿ ಜ್ವರ ಹಿಡಿದ ಒಂದು ಬೆಳಿಗ್ಗೆ ಖಾಲಿ ಕಂಡ ಬೆಂಚಿನಲ್ಲಿ ಕೂತು, ಎಬ್ಬಿಸಿಕೊಂಡು, ಕಡೆಯ ನಿಲ್ದಾಣದವರೆಗೆ ಕಂಬ ಹಿಡಿದು ನಿಂತು ಹೋಗಿದ್ದೆ. ಆ ದಿನ ಕೇಳಿದ ಅಭಂಗ ಯಾವುದೆಂದು ನೆನಪಿಲ್ಲ. ಹಲವು ತಿಂಗಳ ನಂತರ ಬೇರೊಂದು ಗಾಡಿಯಲ್ಲಿ ಹಾಡುವವರೆಲ್ಲ ಅರ್ಧ ದಾರಿಗೆ ಎದ್ದು ನಿಂತು, ಅಲ್ಲಿಯವರೆಗೆ ನಿಂತಿದ್ದವರಿಗೆ ಸೀಟು ಬಿಟ್ಟುಕೊಡುವ ಪದ್ಧತಿ ಇಟ್ಟುಕೊಂಡಿದ್ದ ಮಂಡಳಿಯನ್ನು ಕಂಡೆ. ಆ ಡಬ್ಬಿಯಲ್ಲಿ ಹಾಡದವರೂ ಅವರ ಪರವಾಗಿದ್ದರು.

ಸದ್ದು ತಡೆಯಲಾಗದಿದ್ದರೆ ಏನು ಮಾಡಬೇಕು?

ಮೊದಲು ಹೇಳಿ ನೋಡಬೇಕು. ತಲೆನೋವು, ಫೋನಿನಲ್ಲಿ ತುರ್ತು ಮಾತು, ಮಗು ಮಲಗಿದೆ ಎಂದರೆ ಬಹಳಷ್ಟು ಬುವಾಗಳು ತಾಳ ನಿಲ್ಲಿಸಿ ಬರಿಗೊರಳಲ್ಲಿ ಮುಂದುವರಿಸುತ್ತಾರೆ. ನಿಜವಾಗಿ ಕಿವಿಗೆ ಚುಚ್ಚುವುದು ಮನುಷ್ಯನ ಕೊರಳಲ್ಲ, ಹಿತ್ತಾಳೆ. ತೆರೆದ ಅಂಗಳಕ್ಕೆಂದು ಮಾಡಿದ ತಾಳವನ್ನು ತಗಡಿನ ಪೆಟ್ಟಿಗೆಯೊಳಗೆ, ಇನ್ನೊಬ್ಬರ ಕಿವಿಗೆ ಒಂದು ಗೇಣಿನ ದೂರದಲ್ಲಿ ಬಡಿದರೆ ಭಕ್ತರಿಗೂ ಅದು ಹಿಂಸೆಯೇ. ಮಾತು ನಡೆಯದಿದ್ದರೆ ಮುಂದಿನ ನಿಲ್ದಾಣದಲ್ಲಿ ಡಬ್ಬಿ ಬದಲಿಸುವುದು ಸುಲಭದ ದಾರಿ. ಬೆದರಿಕೆ, ತಳ್ಳಾಟದವರೆಗೆ ಹೋದರೆ ರೈಲ್ವೆಯ 139 ಸಹಾಯವಾಣಿಗೆ ಕರೆ ಮಾಡಿ ಗಾಡಿಯ ಹೊತ್ತು, ಡಬ್ಬಿಯ ಸಂಖ್ಯೆ ತಿಳಿಸಬೇಕು.

ರೈಲಿನಲ್ಲಿ ಹಾಡುವುದು ಕಾನೂನಿಗೆ ವಿರುದ್ಧವೇ?

ಹಾಡುವುದನ್ನೇ ಹೆಸರಿಸಿ ರೈಲ್ವೆ ಕಾಯ್ದೆ ನಿಷೇಧಿಸಿಲ್ಲ. ಆದರೆ ಅದರ 145ನೇ ಕಲಮು ಇತರರಿಗೆ ಉಪದ್ರವ ಕೊಡುವವರನ್ನು ಗಾಡಿಯಿಂದ ಇಳಿಸಲು, ಪಾಸು ಮುಟ್ಟುಗೋಲು ಹಾಕಿಕೊಳ್ಳಲು ಅವಕಾಶ ಕೊಡುತ್ತದೆ. ಆರು ತಿಂಗಳವರೆಗಿನ ಸೆರೆವಾಸ ಮತ್ತು ದಂಡವನ್ನೂ ಹೇಳುತ್ತದೆ. ಯಾವುದು ಉಪದ್ರವ, ಯಾವುದು ಅಲ್ಲ ಎಂಬ ತೀರ್ಮಾನ ಸಂದರ್ಭಕ್ಕೆ ಬಿಟ್ಟದ್ದು. ಒಬ್ಬರೂ ದೂರು ಕೊಡದ ಡಬ್ಬಿಯಲ್ಲಿ ಯಾರೂ ಬಂದು ತಡೆಯುವುದಿಲ್ಲ.

ಬೇರೆ ಧರ್ಮದವರಿಗೆ, ನಂಬಿಕೆ ಇಲ್ಲದವರಿಗೆ ಇದು ಮುಜುಗರವಲ್ಲವೇ?

ಕೆಲವರಿಗೆ ಹೌದು, ಮತ್ತು ಆ ಮುಜುಗರವನ್ನು ತಳ್ಳಿಹಾಕುವಂತಿಲ್ಲ. ರೈಲು ಎಲ್ಲರ ತೆರಿಗೆಯಿಂದ, ಎಲ್ಲರ ಟಿಕೆಟ್ಟಿನಿಂದ ಓಡುವ ವಾಹನ; ಅಲ್ಲಿಂದ ಎದ್ದುಹೋಗಲೂ ಆಗದವರ ಮುಂದೆ ಹಾಡುತ್ತಿದ್ದೇವೆ ಎಂಬ ಎಚ್ಚರ ಹಾಡುವವರಿಗೆ ಇರಬೇಕು. ಪಕ್ಕದವರು ಜತೆಗೂಡಲಿಲ್ಲವೆಂದು ಯಾರನ್ನೂ ದುರುಗುಟ್ಟಿ ನೋಡುವುದು, ಜಯಕಾರ ಹಾಕುವಂತೆ ಒತ್ತಾಯಿಸುವುದು ಭಜನೆಯ ಪಾಲಿಗೆ ಸೇರಿದ್ದಲ್ಲ. ಮಹಾರ ಜಾತಿಯವನೆಂದು ಗುಡಿಯ ಹೊರಗೆ ನಿಲ್ಲಬೇಕಾಗಿ ಬಂದ ಚೋಖಾಮೇಳನ ಅಭಂಗ ಹಾಡುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕೊರೊನಾದ ನಂತರ ಮಂಡಳಿಗಳು ಉಳಿದಿವೆಯೇ?

ಉಳಿದಿವೆ, ಆದರೆ ತೆಳುವಾಗಿವೆ. 2020ರ ಮಾರ್ಚ್ ಕೊನೆಯಲ್ಲಿ ಲೋಕಲ್ ಗಾಡಿಗಳು ನಿಂತವು; ಜೂನ್ 15ರಿಂದ ಅಗತ್ಯ ಸೇವೆಯವರಿಗೆ ಮಾತ್ರ, 2021ರ ಫೆಬ್ರುವರಿ 1ರಿಂದ ಗೊತ್ತುಪಡಿಸಿದ ಹೊತ್ತಿನಲ್ಲಿ ಸಾರ್ವಜನಿಕರಿಗೆ, ನಡುವೆ ಮತ್ತೆ ನಿಂತು, ಆಗಸ್ಟ್ 15ರಿಂದ ಎರಡು ಲಸಿಕೆ ಪಡೆದವರಿಗೆ ಪ್ರವೇಶ ಸಿಕ್ಕಿತು. ಅಷ್ಟರಲ್ಲಿ ಹಿರಿಯ ಸದಸ್ಯರು ಹಲವರು ನಿವೃತ್ತರಾಗಿದ್ದರು, ಕೆಲವರು ತೀರಿಕೊಂಡಿದ್ದರು, ಕೆಲವು ಕಚೇರಿಗಳು ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ ಎಂದು ಗೊತ್ತುಮಾಡಿದ್ದವು. ಇಯರ್‌ಫೋನ್ ಹಾಕಿಕೊಂಡು ಅದೇ ಅಭಂಗವನ್ನು ಒಬ್ಬರೇ ಕೇಳುತ್ತ ನಿಂತಿರುವ ತರುಣರೂ ಈಗ ಕಾಣಸಿಗುತ್ತಾರೆ.

ಎಸಿ ಲೋಕಲ್‌ನಲ್ಲಿ ಭಜನೆ ಸಾಧ್ಯವೇ?

2017ರ ಡಿಸೆಂಬರ್ 25ರಂದು ಪಶ್ಚಿಮ ಮಾರ್ಗದಲ್ಲಿ ಮೊದಲ ಎಸಿ ಲೋಕಲ್ ಓಡಿತು. ಬಾಗಿಲು, ಕಿಟಕಿ ಮುಚ್ಚಿದ ಆ ಡಬ್ಬಿಯಲ್ಲಿ ಹೊರಗಿನ ಗದ್ದಲವಿಲ್ಲ. ಸಣ್ಣ ಮಾತೂ ಮೂರು ಬೆಂಚಿನಾಚೆ ಕೇಳುತ್ತದೆ. ತಾಳ ಬಡಿದರೆ ಪಾಡು ಏನೆಂದು ಊಹಿಸಬಹುದು. ಗಾಳಿ, ಗಾಲಿ, ಹಾರ್ನಿನ ಸದ್ದಿನೊಡನೆ ಬೆರೆತಾಗಲೇ ಈ ಹಾಡು ಹದವಾಗಿ ಕೇಳುವುದು.

ಕರ್ನಾಟಕದ ರೈಲುಗಳಲ್ಲಿ ಇದನ್ನು ತರಬಹುದೇ?

ಬೆಂಗಳೂರಿನ 148 ಕಿಲೋಮೀಟರ್ ಉಪನಗರ ರೈಲು ಯೋಜನೆಗೆ ಅಡಿಗಲ್ಲು ಬಿದ್ದದ್ದೇ 2022ರ ಜೂನ್‌ನಲ್ಲಿ. ತರುತ್ತೇವೆಂದು ತರುವಂಥದ್ದು ಇದಲ್ಲ. ಅದೇ ಗಾಡಿ, ಅದೇ ಬಾಗಿಲು, ಅದೇ ಮುಖಗಳು ವರ್ಷಗಟ್ಟಲೆ ಸಿಕ್ಕಿದರೆ ಏನೋ ಒಂದು ಹುಟ್ಟುತ್ತದೆ; ಅದು ಭಜನೆಯೇ ಆಗಬೇಕೆಂದಿಲ್ಲ, ಇಸ್ಪೀಟೂ ಆಗಬಹುದು.

ಮಂಡಳಿಗೆ ಸೇರುವುದು ಹೇಗೆ?

ಅರ್ಜಿಯಿಲ್ಲ, ಶುಲ್ಕವಿಲ್ಲ. ಒಂದು ವಾರ ಅದೇ ಗಾಡಿಯ ಅದೇ ಡಬ್ಬಿ ಹತ್ತಿ, ಓಣಿಯ ಅಂಚಿನಲ್ಲಿ ನಿಂತು, ಎರಡನೆಯ ಸಾಲಿಗೆ ಮೆಲ್ಲಗೆ ದನಿಗೂಡಿಸಬೇಕು. ಮೂರನೆಯ ದಿನ ಯಾರಾದರೂ ಊರು ಯಾವುದೆಂದು ಕೇಳುತ್ತಾರೆ. ಐದನೆಯ ದಿನ ಚೀಲ ಇಡಲು ಜಾಗ ತೋರಿಸುತ್ತಾರೆ. ಮರಾಠಿ ಬಾರದಿದ್ದರೆ ಅಡ್ಡಿಯಿಲ್ಲ, ದೇವನಾಗರಿ ಓದಲು ಬಂದರೆ ವಹಿಯ ನಕಲು ಸಿಗುತ್ತದೆ. ತಾಳ ಕೈಗೆ ಬರಲು ಮಾತ್ರ ತಿಂಗಳುಗಳೇ ಬೇಕು. ಅದನ್ನು ಕೇಳಿ ಪಡೆಯುವಂತಿಲ್ಲ, ಹಿಡಿದವರು ರಜೆ ಹಾಕಿದ ದಿನ ಸಿಕ್ಕೀತು.

ಭಜನೆ ಎಲ್ಲಿಗೆ ಮುಗಿಯುತ್ತದೆ?

ನಾನು ಹೋಗುತ್ತಿದ್ದ ಗಾಡಿಯಲ್ಲಿ ಕುರ್ಲಾ ದಾಟಿದೊಡನೆ ಆರತಿ. ದಾದರಿನಲ್ಲಿ ಅರ್ಧ ಡಬ್ಬಿ ಇಳಿಯುವುದರಿಂದ ಪ್ರಸಾದ ಅದಕ್ಕೆ ಮುಂಚೆಯೇ ಹಂಚಿರಬೇಕು. ಕಾಗದದ ಪೊಟ್ಟಣದಲ್ಲಿ ತಂದ ಸಕ್ಕರೆ, ಕೆಲವು ದಿನ ಕೊಬ್ಬರಿಯ ತುಣುಕು, ಯಾರದಾದರೂ ಮಗಳು ಪಾಸಾಗಿದ್ದರೆ ಪೇಡೆ, ಕೈ ಎಟುಕದವರಿಗೆ ನಡುವಿನವರ ಅಂಗೈಗಳ ಮೂಲಕ ಬಾಗಿಲ ತನಕ ಸಾಗುತ್ತದೆ. ಇಳಿಯಲು ಆಗಲೇ ಬಾಗಿಲ ಕಡೆ ತಿರುಗಿ ನಿಂತವರು ಹಿಂದಕ್ಕೆ ನೋಡದೆ, ಬೆನ್ನ ಹಿಂದೆ ಕೈ ಚಾಚಿ ಅದನ್ನು ಪಡೆಯುತ್ತಾರೆ. ದಾದರ್ ಬಿಟ್ಟ ಮೇಲೆ ಉಳಿದ ಐದಾರು ಜನರ ನಡುವೆ ತಾಳವನ್ನು ಮತ್ತೆ ಕರವಸ್ತ್ರದಲ್ಲಿ ಸುತ್ತಿ ಗಂಟು ಹಾಕುವಷ್ಟರಲ್ಲಿ ಭಾಯಖಳಾ ಬಂದಿರುತ್ತದೆ.